ಕಾಡುದಾರಿಗೆ ಒಬ್ಬರೇ ಹೊರಡುವ ಮುಂಚೆ ಹಿಂದಿನ ಚಕ್ರ ಬಿಚ್ಚಿ ನೋಡಿ

ಐದು ದಿನ ಒಬ್ಬಳೇ ಕಾಡಿನ ಮಣ್ಣುದಾರಿಗಳಲ್ಲಿ ಬೈಕ್ ಓಡಿಸಿ ಬಂದೆ. ಮಂಜು, ಹಸಿರು, ಹಕ್ಕಿಗಳ ಬಗ್ಗೆ ಇಲ್ಲಿ ಬರೆಯುತ್ತಿಲ್ಲ. ಮೂರನೇ ದಿನ ಒಂದೇ ಒಂದು ನಟ್ ನನ್ನನ್ನು ಮೂರು ಗಂಟೆ ದಾರಿಯಲ್ಲಿ ಕೂರಿಸಿತು. ಇದೇ ಥರ ಹೊರಡಲು ತಯಾರಾಗುತ್ತಿರುವವರಿಗೆ ಅದನ್ನು ಮೊದಲು ಹೇಳಬೇಕು.

ಹೊರಡುವ ವಾರ ಬೈಕ್ ಸರ್ವಿಸ್‌ಗೆ ಬಿಟ್ಟಿದ್ದೆ. ಚೈನ್ ಸರಿ ಮಾಡಿ, ಹಿಂದಿನ ಚಕ್ರವನ್ನು ಹಿಡಿದಿಡುವ ಆಕ್ಸಲ್ ನಟ್ಟನ್ನು ಏರ್ ಗನ್‌ನಲ್ಲಿ, ಅಂದರೆ ಗಾಳಿಯ ಒತ್ತಡದಲ್ಲಿ ನಟ್ ತಿರುಗಿಸುವ ಯಂತ್ರದಲ್ಲಿ, ಟರ್ ಅಂತ ಬಿಗಿದು ಕೊಟ್ಟರು. ಚೆನ್ನಾಗಿ ಬಿಗಿ ಆಗಿದೆ, ಒಳ್ಳೆಯದೇ ಅಲ್ವಾ ಅಂದುಕೊಂಡೆ.

ಮೂರನೇ ದಿನ ದಾರಿ ತುಂಬಾ ಸಡಿಲ ಜಲ್ಲಿ. ಹಿಡಿತ ಸಿಗಲಿ ಅಂತ ಹಿಂದಿನ ಟೈರಿನ ಗಾಳಿಯನ್ನು 32ರಿಂದ 16 ಪಿಎಸ್‌ಐಗೆ ಇಳಿಸಿದೆ. ಹಿಂದೆ ಲಗೇಜ್ ಬೇರೆ ಇತ್ತು. ಗಾಳಿಯನ್ನು ಅಷ್ಟು ಇಳಿಸಿದ್ದು ತಪ್ಪು. ಸ್ವಲ್ಪ ಹೊತ್ತಿಗೇ ಒಂದು ಚೂಪು ಕಲ್ಲಿನ ಮೇಲೆ ಚಕ್ರ ಬಿತ್ತು, ಬೈಕಿನ ಹಿಂಭಾಗ ಓಲಾಡತೊಡಗಿತು. ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿಕೊಂಡರೆ ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು ಬೀಳುತ್ತದೆ. ಕಡ್ಡಿ ತುರುಕಿ ಮುಚ್ಚುವ ಟ್ಯೂಬ್‌ಲೆಸ್ ಕಿಟ್ ಇದಕ್ಕೆ ಉಪಯೋಗಕ್ಕೇ ಬರಲ್ಲ. ನಿಮ್ಮ ಬೈಕಿನ ಚಕ್ರ ಸ್ಪೋಕ್ ಕಡ್ಡಿಗಳದ್ದಾದರೆ ಒಳಗೆ ಟ್ಯೂಬ್ ಇದೆಯಾ ಅಂತ ಈಗಲೇ ನೋಡಿಕೊಳ್ಳಿ.

ನನ್ನ ಹತ್ತಿರ ಹೊಸ ಟ್ಯೂಬ್, ಟೈರನ್ನು ರಿಮ್ಮಿನಿಂದ ಎಬ್ಬಿಸುವ ಟೈರ್ ಲಿವರ್, ಕೈಪಂಪು ಎಲ್ಲ ಇತ್ತು. ನಟ್ ಮಾತ್ರ ಅಲುಗಲಿಲ್ಲ. ಬೈಕಿನ ಜೊತೆ ಬಂದ ಸ್ಪ್ಯಾನರ್ ಗೇಣುದ್ದ. ಅದರ ಮೇಲೆ ನಿಂತೆ, ಜಾರಿತು. ನಟ್ಟಿನ ಒಂದು ಮೂಲೆ ಸವೆದು ಹೊಳೆಯತೊಡಗಿತು. ಬೆರಳ ಗೆಣ್ಣಿನ ಚರ್ಮ ಕಿತ್ತು ಬಂತು. ಇನ್ನೊಂದು ಸಲ ಜಾರಿದರೆ ನಟ್ ಪೂರ್ತಿ ಗುಂಡಗಾಗುತ್ತದೆ ಅಂತ ಹೆದರಿ ಸುಮ್ನೆ ಕೂತೆ.

ಲೆಕ್ಕ ಸರಳ. 100 ನ್ಯೂಟನ್ ಮೀಟರ್ ಟಾರ್ಕ್‌ನಲ್ಲಿ, ಅಂದರೆ ಅಷ್ಟು ತಿರುಗುಬಲದಲ್ಲಿ, ಬಿಗಿದ ನಟ್ಟನ್ನು 20 ಸೆಂ.ಮೀ. ಸ್ಪ್ಯಾನರಿನಲ್ಲಿ ತಿರುಗಿಸಲು ಸುಮಾರು 51 ಕೆ.ಜಿ. ಭಾರ ಹಾಕಬೇಕು. ಅದೇ ಸ್ಪ್ಯಾನರಿಗೆ ಪೈಪ್ ಸೇರಿಸಿ 60 ಸೆಂ.ಮೀ. ಮಾಡಿದರೆ 17 ಕೆ.ಜಿ. ಸಾಕು. ನನ್ನ ತೂಕವೇ 54. ಏರ್ ಗನ್ ಆ 100ಕ್ಕಿಂತ ಎಷ್ಟೋ ಜಾಸ್ತಿ ಬಿಗಿದಿತ್ತು.

ಕೊನೆಗೆ ಮರ ಸಾಗಿಸುವ ಒಂದು ಲಾರಿ ಬಂತು. 'ಒಬ್ರೇ ಬಂದಿದ್ದೀರೇನಮ್ಮಾ?' ಅಂತ ಕೇಳುತ್ತಲೇ ಡ್ರೈವರಣ್ಣ ಸೀಟಿನ ಹಿಂದಿನಿಂದ ತುಕ್ಕು ಹಿಡಿದ ಕಬ್ಬಿಣದ ಪೈಪ್ ಎಳೆದು ಕೊಟ್ಟರು. ಸ್ಪ್ಯಾನರಿನ ಹಿಡಿಗೆ ತೂರಿಸಿ ಒತ್ತಿದೆ. ಟಪ್ ಅಂತ ಬಿಟ್ಟಿತು. ಆ ಶಬ್ದದಷ್ಟು ಸಮಾಧಾನ ಇಡೀ ಪ್ರವಾಸದಲ್ಲಿ ಬೇರೆ ಯಾವುದೂ ಕೊಡಲಿಲ್ಲ. ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ. ಟೈರ್ ಒಳಗೆ ಮುಳ್ಳು ಉಳಿದಿದೆಯಾ ಅಂತ ಕೈಯಾಡಿಸಿ ನೋಡಿ ಅಂತ ಹೇಳಿ ಹೋದರು.

ಅದಕ್ಕೇ ಹೇಳುತ್ತಿದ್ದೇನೆ. ಚೀಲದಲ್ಲಿ ಹಾಕಿಕೊಳ್ಳುವ ಸಾಮಾನು ಮಾತ್ರ ಇಟ್ಟುಕೊಂಡು, ಮನೆಯಲ್ಲೇ ಒಂದು ಸಲ ಚಕ್ರ ಬಿಚ್ಚಿ, ಟ್ಯೂಬ್ ತೆಗೆದು, ಮತ್ತೆ ಹಾಕಿ. ಬಿಗಿಯುವಾಗ ಬೈಕಿನ ಪುಸ್ತಕದಲ್ಲಿ ಕೊಟ್ಟಿರುವ ಟಾರ್ಕ್‌ನಷ್ಟೇ ಬಿಗಿಯಿರಿ. ಮತ್ತೆ ಹಾಕುವಾಗ ಟೈರಿನ ಅಂಚು ರಿಮ್ಮಿಗೆ ಏರದಿದ್ದರೆ ಬಲ ಹಾಕಬೇಡಿ. ಎದುರು ಬದಿಯ ಅಂಚನ್ನು ಮಂಡಿಯಿಂದ ಒತ್ತಿ ರಿಮ್ಮಿನ ನಡುವಿನ ತಗ್ಗಿಗೆ ಇಳಿಸಿ, ಈ ಕಡೆ ತಾನೇ ಸಡಿಲವಾಗುತ್ತದೆ. ಬಲ ಹಾಕಿದರೆ ಲಿವರಿನ ತುದಿಯೇ ಹೊಸ ಟ್ಯೂಬನ್ನು ಕಚ್ಚುತ್ತದೆ. ಒಂದೇ ಟ್ಯೂಬಿಗೆ ಜಾಗ ಇದ್ದರೆ ಮುಂದಿನ ಚಕ್ರದ್ದು ಇಟ್ಟುಕೊಳ್ಳಿ. ತುರ್ತಿಗೆ ಅದನ್ನು ಹಿಂದೆ ಹಾಕಬಹುದು, ಹಿಂದಿನದನ್ನು ಮುಂದೆ ತುರುಕುವುದು ಕಷ್ಟ. ಲಗೇಜ್ ಇರುವಾಗ ಗಾಳಿಯನ್ನು ನಾನಂತೂ ಇನ್ನು 24ಕ್ಕಿಂತ ಕೆಳಗೆ ಇಳಿಸಲ್ಲ.

ಬೈಕ್ ಎತ್ತುವುದನ್ನೂ ಮನೆಯಲ್ಲೇ ಕಲಿಯಿರಿ. ನನ್ನದು ಲಗೇಜ್ ಸೇರಿ 200 ಕೆ.ಜಿ. ದಾಟುತ್ತದೆ. ಬಲಕ್ಕೆ ಬಿದ್ದಿದ್ದರೆ ಮೊದಲು ಸೈಡ್ ಸ್ಟ್ಯಾಂಡನ್ನು ಹೊರಕ್ಕೆ ಚಾಚಿಡಿ, ಗೇರಿನಲ್ಲಿ ಹಾಕಿ. ಆಮೇಲೆ ಸೀಟಿಗೆ ಬೆನ್ನು ಕೊಟ್ಟು, ಕಾಲಿನ ಬಲದಲ್ಲಿ ಸಣ್ಣ ಹೆಜ್ಜೆ ಇಡುತ್ತಾ ಹಿಂದಕ್ಕೆ ತಳ್ಳಿ. ಸೊಂಟ ಬಗ್ಗಿಸಿ ಎತ್ತಲು ಹೋಗಬೇಡಿ.

ಪೆಟ್ರೋಲ್ ಲೆಕ್ಕವನ್ನು ಹೆದ್ದಾರಿಯ ಮೈಲೇಜ್ ನೋಡಿ ಹಾಕಬೇಡಿ. ಲೀಟರಿಗೆ 30 ಕೊಡುವ ನನ್ನ ಬೈಕ್ ಇಲ್ಲಿ 22 ಕೊಟ್ಟಿತು. ಮ್ಯಾಪ್ ತೋರಿಸುವ ಸಮಯವನ್ನೂ ನಂಬಬೇಡಿ. ಮೂರು ಗಂಟೆ ಅಂದ ದಾರಿಗೆ ಎಂಟು ಗಂಟೆ ಹಿಡಿಯಿತು. ಮ್ಯಾಪನ್ನು ಮೊದಲೇ ಇಳಿಸಿಕೊಂಡಿದ್ದರೆ ನೆಟ್‌ವರ್ಕ್ ಇಲ್ಲದೆಯೂ ಜಿಪಿಎಸ್ ಕೆಲಸ ಮಾಡುತ್ತದೆ. ಹಾಗಂತ ಫೋನನ್ನು ನೇರವಾಗಿ ಹ್ಯಾಂಡಲಿಗೆ ಕಟ್ಟಬೇಡಿ. ಬೈಕಿನ ಕಂಪನಕ್ಕೆ ಕ್ಯಾಮೆರಾ ಹಾಳಾಗಬಹುದು ಅಂತ 2021ರಲ್ಲಿ ಆಪಲ್ ಕಂಪನಿಯೇ ಎಚ್ಚರಿಸಿತ್ತು.

ನಾಲ್ಕನೇ ದಿನ ಪೂರ್ತಿ ಮಳೆ, ಟೆಂಟಿನಲ್ಲೇ ಕಳೆದೆ. ಒದ್ದೆ ನೆಲ ನನಗೆ ಕಷ್ಟವಲ್ಲ, ಜನಜಂಗುಳಿ ಕಷ್ಟ. ಹಾಗಾಗಿ ವ್ಯೂಪಾಯಿಂಟ್‌ಗಳನ್ನೆಲ್ಲ ಬಿಟ್ಟೆ. ಅವುಗಳ ಬಗ್ಗೆ ನನ್ನನ್ನು ಕೇಳಬೇಡಿ.

ಇನ್ನೊಂದು ವಿಷಯ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಒಳ್ಳೆಯದೇ, ಆದರೆ ಕೆಲವು ದೇಶಗಳಲ್ಲಿ ಅನುಮತಿ ಇಲ್ಲದೆ ಇಟ್ಟುಕೊಂಡರೆ ಅಪರಾಧ. ಕೊಳ್ಳುವ ಮುಂಚೆ ಕಾನೂನು ನೋಡಿ. ನನ್ನ ಹತ್ತಿರ ಅದು ಇರಲಿಲ್ಲ. ಪ್ರತಿ ದಿನದ ದಾರಿಯನ್ನು ಕಾಗದದಲ್ಲಿ ಬರೆದು ಅಕ್ಕನ ಕೈಗೆ ಕೊಟ್ಟಿದ್ದೆ. ರಾತ್ರಿ ಎಂಟರೊಳಗೆ ಫೋನ್ ಬರದಿದ್ದರೆ ಯಾರಿಗೆ ತಿಳಿಸಬೇಕು ಅಂತಲೂ ಬರೆದಿದ್ದೆ. ನಟ್ ಕೈಕೊಟ್ಟ ಆ ಮೂರನೇ ದಿನ ಸಿಗ್ನಲ್ ಸಿಕ್ಕಾಗ ಏಳು ನಲವತ್ತು. ಅಕ್ಕ ಕಾಗದ ಮುಂದಿಟ್ಟುಕೊಂಡು ಕೂತಿದ್ದಳು.