ಯವತ್ ದಾಟಿದರೆ ಕಬ್ಬು

ಪುಣೆಯಿಂದ ಸೋಲಾಪುರದ ಹೆದ್ದಾರಿ ಹಿಡಿದು ಹಡಪ್ಸರ್, ಉರುಳಿ ಕಾಂಚನ್ ಕಳೆದರೆ, ಯವತ್ ಹೊತ್ತಿಗೆ ಎರಡೂ ಬದಿ ಕಬ್ಬು. ಖಡಕವಾಸಲಾ ಅಣೆಕಟ್ಟಿನ ನೀರು ಮುಠಾ ಕಾಲುವೆ ಹಿಡಿದು ಇಲ್ಲಿಯವರೆಗೂ ಬರುತ್ತದೆ. ದೌಂಡ್ ತಾಲ್ಲೂಕಿನ ಕೇಡಗಾಂವ್ ಸುತ್ತಮುತ್ತ ಗುರ್ಹಾಳಗಳು ಹೆಜ್ಜೆಗೊಂದು. ಗುರ್ಹಾಳ ಅಂದರೆ ನಮ್ಮ ಆಲೆಮನೆಯೇ. ಸಂಕ್ರಾಂತಿಯ ಆಸುಪಾಸಿನಲ್ಲಿ, ಬೆಳಿಗ್ಗೆ ಬೇಗ ತಲುಪಿದರೆ ಒಂದು ಕಡಾಯಿ ಏರುವುದರಿಂದ ಇಳಿಯುವವರೆಗೂ ನೋಡಬಹುದು. ಎರಡು-ಮೂರು ತಾಸಿನ ಕೆಲಸ. ಕರಿ ಹೊಗೆ, ಸುಟ್ಟ ರಬ್ಬರಿನ ವಾಸನೆ ಬರುವ ಕಡೆ ಗಾಡಿ ನಿಲ್ಲಿಸಬೇಡಿ. ಅಲ್ಲಿ ಒಲೆಗೆ ಬಿದ್ದಿರುವುದು ಬರೀ ಕಬ್ಬಿನ ಸಿಪ್ಪೆಯಲ್ಲ.

ಮೂರು ಉರುಳೆಯ ಗಾಣ 100 ಕಿಲೋ ಕಬ್ಬಿಗೆ 55ರಿಂದ 65 ಕಿಲೋ ಹಾಲು, ಅಂದರೆ ರಸ, ಬಿಡುತ್ತದೆ. ಕೊನೆಗೆ ಕೈಗೆ ಸಿಗುವ ಬೆಲ್ಲ 10-12 ಕಿಲೋ. ಹಾಲು ಬಿಸಿಯೇರುತ್ತಿದ್ದಂತೆ ಹುಳಿ ಮುರಿಯಲು ಸುಣ್ಣದ ತಿಳಿ ಹಾಕುತ್ತಾರೆ. ಬೆಂಡೆ ಗಿಡವನ್ನು ಜಜ್ಜಿ ನೀರಲ್ಲಿ ಕಿವುಚಿದ ಲೋಳೆಯನ್ನೂ ಸುರಿಯುತ್ತಾರೆ. ಅದು ಕಸವನ್ನು ಹಿಡಿದುಕೊಂಡು ಮೇಲೇಳುತ್ತದೆ. ಕುದಿ ಜೋರಾಗುವ ಮೊದಲೇ ಆ ಮಡ್ಡಿಯನ್ನು ತೆಗೆಯಬೇಕು. ತಡವಾದರೆ ಅದು ಮತ್ತೆ ಹಾಲಿನಲ್ಲೇ ಕಲೆತು ಬೆಲ್ಲ ಕಪ್ಪಾಗುತ್ತದೆ. ಸುಣ್ಣ ಹೆಚ್ಚಾದರೂ ಕಪ್ಪೇ.

ಪಾಕ 105-106 ಡಿಗ್ರಿ ಮುಟ್ಟಿದಾಗ ಕಡಾಯಿ ಇಳಿಸಿದರೆ ನೀರಾಗಿರುವ ಜೋನಿ ಬೆಲ್ಲ, 116-118ಕ್ಕೆ ಗಟ್ಟಿ ಪೆಂಟೆ ಬೆಲ್ಲ, 120 ದಾಟಿಸಿದರೆ ಪುಡಿ ಬೆಲ್ಲ. ಪಾಕ ನೋಡುವ ಗುಳವ್ಯಾ ಥರ್ಮಾಮೀಟರ್ ಹುಡುಕುವುದಿಲ್ಲ. ತಣ್ಣೀರಿಗೆ ನಾಲ್ಕು ಹನಿ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾನೆ, ಅಷ್ಟೇ.

ಪಾಕ ಕೆಡುವುದು ಹೆಚ್ಚಾಗಿ ಗದ್ದೆಯಲ್ಲೇ. ಕಡಿದ ಕಬ್ಬು ಎರಡು ಮೂರು ದಿನ ಬಿದ್ದಿದ್ದರೆ ಅದರೊಳಗಿನ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಎಷ್ಟು ಕುದಿಸಿದರೂ ಬೆಲ್ಲ ಸರಿಯಾಗಿ ಕಟ್ಟುವುದಿಲ್ಲ. ಸವಳು ನೆಲದ ಕಬ್ಬಿನ ಬೆಲ್ಲ ನಾಲಿಗೆಗೆ ಉಪ್ಪು, ಮಳೆಗಾಲದಲ್ಲಿ ನೀರೊಡೆಯುತ್ತದೆ. ಕೊಳ್ಳುವುದಾದರೆ ಕಂದು ಬಣ್ಣದ್ದನ್ನೇ ಕೊಳ್ಳಿ. ಹೊಳೆಯುವ ಹಳದಿ ಸಾಮಾನ್ಯವಾಗಿ ಬಣ್ಣ ತಿಳಿಯಾಗಿಸುವ ‘ಹೈಡ್ರೋಸ್’ ಎಂಬ ರಾಸಾಯನಿಕ ಪುಡಿಯ ಕರಾಮತ್ತು. ಸಕ್ಕರೆ ಅಗ್ಗವಾದ ವರ್ಷ ಕಡಾಯಿಗೆ ಸಕ್ಕರೆಯನ್ನೇ ಸುರಿಯುವವರೂ ಇದ್ದಾರೆ.

ತಳ ಹತ್ತದಂತೆ ನೀರು ಇಂಗಿಸುವುದು ಹೇಗೆ? ಸಕ್ಕರೆಯ ಚರಿತ್ರೆಯ ಮುಕ್ಕಾಲು ಪಾಲು ಈ ಒಂದು ತಲೆನೋವಿನದು. ಕಬ್ಬು ಹುಟ್ಟಿದ್ದು ನ್ಯೂಗಿನಿಯಲ್ಲಿ, ಹರಳು ಕಟ್ಟುವುದನ್ನು ಕಲಿತದ್ದು ನಮ್ಮ ದೇಶದಲ್ಲಿ. ‘ಶರ್ಕರಾ’ ಪರ್ಷಿಯಾದಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್ ಆಯಿತು. ‘ಖಂಡ’ ಮುಂದೆ ಕ್ಯಾಂಡಿ ಆಯಿತು. 647ರಲ್ಲಿ ಚೀನಾದ ಟಾಂಗ್ ಚಕ್ರವರ್ತಿ ತೈಜಾಂಗ್ ಈ ವಿದ್ಯೆ ಕಲಿತು ಬರಲೆಂದು ಮಗಧಕ್ಕೆ ಜನರನ್ನು ಕಳಿಸಿದ್ದ. 1493ರಲ್ಲಿ ಕೊಲಂಬಸ್ ಕಬ್ಬನ್ನು ಕೆರಿಬಿಯನ್‌ಗೆ ಒಯ್ದ. ಅಲ್ಲಿನ ತೋಟಗಳಲ್ಲಿ ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಕುದಿಯುವ ರಸವನ್ನು ದೊಡ್ಡ ಕಡಾಯಿಯಿಂದ ಚಿಕ್ಕದಕ್ಕೆ ಸೌಟಿನಲ್ಲಿ ಮೊಗೆದು ಹಾಕಬೇಕಿತ್ತು. ಮೈ ಸುಡುವುದು ಅಲ್ಲಿ ನಿತ್ಯದ ಮಾತು.

ಆ ಕೆಲಸದ ರೀತಿ ಬದಲಾದದ್ದು ಮುಚ್ಚಿದ ಪಾತ್ರೆ ಬಂದ ಮೇಲೆ. ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಹೊವಾರ್ಡ್ 1813ರಲ್ಲಿ ನಿರ್ವಾತ ಪ್ಯಾನ್‌ಗೆ ಪೇಟೆಂಟ್ ಪಡೆದ. ಗಾಳಿ ಹೀರಿಬಿಟ್ಟರೆ ಪಾಕ 60-65 ಡಿಗ್ರಿಯಲ್ಲೇ ಕುದಿಯುತ್ತದೆ, ಸೀಯುವುದಿಲ್ಲ. 1840ರ ದಶಕದಲ್ಲಿ ನ್ಯೂ ಆರ್ಲಿಯನ್ಸ್‌ನ ಕರಿಯ ಮೂಲದ ಎಂಜಿನಿಯರ್ ನಾರ್ಬರ್ಟ್ ರಿಲಿಯೂ ಇಂಥ ಪಾತ್ರೆಗಳನ್ನು ಸಾಲಾಗಿ ಜೋಡಿಸಿ, ಒಂದರ ಉಗಿಯಿಂದ ಇನ್ನೊಂದನ್ನು ಕುದಿಸಿದ. ಮಹಾರಾಷ್ಟ್ರದ ಕಾರ್ಖಾನೆಗಳಲ್ಲಿ ಇವತ್ತಿಗೂ ನಡೆಯುವುದು ಅದೇ ಲೆಕ್ಕ: ಒಂದು ಸಲ ಕೊಟ್ಟ ಉಗಿಗೆ ನಾಲ್ಕು ಪಾತ್ರೆಯ ದುಡಿಮೆ.

ವಾಪಸು ಬರುವಾಗ ಮಾಂಜರಿಯಲ್ಲಿ ವಸಂತದಾದಾ ಸಕ್ಕರೆ ಸಂಸ್ಥೆ ಸಿಗುತ್ತದೆ. 1975ರಲ್ಲಿ ಸಹಕಾರಿ ಕಾರ್ಖಾನೆಗಳೇ ಸೇರಿ ಕಟ್ಟಿಕೊಂಡದ್ದು. ಒಳಗೆ ಹೋಗಲು ಮೊದಲೇ ಅನುಮತಿ ಕೇಳಿರಬೇಕು. ದಾರಿಯುದ್ದಕ್ಕೂ ಕಾಣುವ ಕಬ್ಬಿನಲ್ಲಿ ಕೊ 86032 ಬಹಳ. ಅದು ಕೊಯಮತ್ತೂರಿನ ತಳಿ.

ಸಂಜೆಗೆ ಪುಣೆಯ ಪೇಟೆಗಳ ಕಡೆ ತಿರುಗಿ. ತುಳಶೀಬಾಗ್ ಸುತ್ತ ಹಲ್ವಾ ಒಡವೆ ತೂಗುಹಾಕಿರುತ್ತಾರೆ. ನಮ್ಮ ಕುಸುರೆಳ್ಳನ್ನೇ ಪೋಣಿಸಿದ ಸರ, ಬಾಜೂಬಂದ. ಹೊಸ ಮದುಮಗಳಿಗೆ ಕಪ್ಪು ಸೀರೆಯ ಮೇಲೆ, ಪುಟ್ಟ ಮಕ್ಕಳಿಗೆ ಬೋರ್ನ್ಹಾಣಕ್ಕೆ. ನಮ್ಮ ಕಡೆ ಮಕ್ಕಳಿಗೆ ಎಲಚಿಹಣ್ಣು ಎರೆಯುವಂಥದ್ದೇ ಶಾಸ್ತ್ರ ಅದು. ಈ ಕುಸುರೆಳ್ಳು ಮಾಡಲು ಅಗಲ ಪರಾತದಲ್ಲಿ ಎಳ್ಳು ಹರವಿ, ಕೆಳಗೆ ಸಣ್ಣ ಕೆಂಡ ಇಟ್ಟು, ಎಳೆಪಾಕವನ್ನು ಒಂದೊಂದೇ ಚಮಚ ಹನಿಸುತ್ತ ಕೈಯಾಡಿಸಬೇಕು. ಒಂದು ಹನಿ ಪೂರಾ ಒಣಗದೆ ಇನ್ನೊಂದು ಹಾಕಿದರೆ ಕಾಳು ಕಾಳಿಗೆ ಅಂಟಿ ಗಂಟಾಗುತ್ತದೆ. ಕೆಂಡ ಜಾಸ್ತಿಯಾದರೆ ಸಕ್ಕರೆ ಹಳದಿಗೆ ತಿರುಗುತ್ತದೆ. ಒಣ ಚಳಿ ಇದ್ದರಷ್ಟೇ ಕಾಳಿನ ಮೇಲೆ ಸಕ್ಕರೆಯ ಮುಳ್ಳು ಚೆನ್ನಾಗಿ ಏಳುವುದು. ಮೋಡ ಕವಿದ ದಿನ ಮಾಡಿದ ಕಾಳು ನುಣ್ಣಗೆ ಉಳಿಯುತ್ತದೆ. ಕೊಳ್ಳುವಾಗ ಮುಳ್ಳು ನೋಡಿ ಕೊಳ್ಳಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಊರಿಗೆ ಒಯ್ಯಿರಿ.