ಗುಂಡ್ಯದಲ್ಲೇ ನಿಲ್ಲಿಸಿ: ಶಿರಾಡಿ ಏರಿಗೆ ಮುಂಚೆ ಮಿಂಚಿನ ದೀಪ ಹೊತ್ತಿದರೆ

ಮಳೆಗಾಲದಲ್ಲಿ ಮಂಗಳೂರಿಂದ ಬೆಂಗಳೂರಿಗೆ ಕಾರಿನಲ್ಲಿ ಬರುವವರಿಗೆ ಈ ಮಾತು. ಹೋಗುವಾಗ ಶಿರಾಡಿ ಇಳಿಜಾರು, ಗಾಡಿಯ ಕಾಯಿಲೆ ಗೊತ್ತಾಗುವುದಿಲ್ಲ. ಬರುವಾಗ ಗುಂಡ್ಯ ದಾಟಿದರೆ ಬರೀ ಏರು.

ನಾವು ನೆಲ್ಯಾಡಿ ದಾಟಿದ್ದೆವು. ಮೀಟರಿನಲ್ಲಿ ಎರಡು ಕಂಸಗಳ ನಡುವೆ ಮಿಂಚಿನ ಗುರುತು ಹೊತ್ತಿಕೊಂಡಿತು. ಆಕ್ಸಲರೇಟರ್ ಪೂರ್ತಿ ತುಳಿದರೂ ಗಾಡಿ ಎಳೆಯಲಿಲ್ಲ, ಸ್ಪೀಡು 30 ದಾಟಲಿಲ್ಲ. ಹಿಂದೆ ಟ್ಯಾಂಕರ್ ಒಂದೇ ಸಮ ಹಾರ್ನ್ ಹೊಡೆಯುತ್ತಿತ್ತು. ಪಕ್ಕದಲ್ಲಿದ್ದ ಅಮ್ಮ, "ಮೊದ್ಲು ಸೈಡಿಗೆ ಹಾಕೋ" ಅಂದರು.

ಈಗಿನ ಕಾರುಗಳಲ್ಲಿ ಪೆಡಲ್‌ನಿಂದ ಇಂಜಿನ್‌ಗೆ ಕೇಬಲ್ ಇರುವುದಿಲ್ಲ. ಪೆಡಲ್‌ನಲ್ಲಿ ಎರಡು ಸೆನ್ಸರ್, ಇಂಜಿನ್‌ಗೆ ಗಾಳಿ ಬಿಡುವ ಬಾಗಿಲಾದ ಥ್ರಾಟಲ್‌ನಲ್ಲಿ ಎರಡು. ಜೋಡಿಯ ಲೆಕ್ಕ ಒಂದಕ್ಕೊಂದು ತಾಳೆಯಾಗದಿದ್ದರೆ ಯಾವುದನ್ನು ನಂಬುವುದೆಂದು ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಗಾಡಿ ತಾನಾಗಿ ನುಗ್ಗಬಾರದು ಅಂತ ಶಕ್ತಿಯನ್ನೇ ಕಡಿಮೆ ಮಾಡುತ್ತದೆ. ಇದಕ್ಕೇ ಲಿಂಪ್ ಮೋಡ್ ಅನ್ನುವುದು.

ಗುಂಡ್ಯದಲ್ಲಿ ಹೋಟೆಲ್ ಮುಂದೆ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದೆ. ದೀಪ ಮಾಯ! ಹೊರಟೇಬಿಡೋಣ ಅನ್ನಿಸಿತು. ಚಹಾ ಕುಡಿಯುತ್ತಿದ್ದ ಲಾರಿ ಡ್ರೈವರ್ ತಡೆದರು. "ದೀಪ ಹೋಯ್ತು ಅಂತ ಹತ್ಬೇಡಿ ಅಣ್ಣಾ. ಮೇಲೆ ನಿಂತ್ರೆ ಸೈಡಿಗೆ ಹಾಕೋಕೂ ಜಾಗ ಇಲ್ಲ, ಫೋನೂ ಸಿಗಲ್ಲ." ಅವರ ಮಾತು ಕೇಳಿದ್ದೇ ಒಳ್ಳೆಯದಾಯಿತು. ನಿಧಾನವಾಗಿ ಉಪ್ಪಿನಂಗಡಿಗೆ ವಾಪಸ್ ಬರುವಾಗ ದೀಪ ಮತ್ತೆ ಹೊತ್ತಿತು.

ಮೊದಲ ಗ್ಯಾರೇಜಿನವರು ಗಾಡಿ ನೋಡಿ, ಇಡೀ ಥ್ರಾಟಲ್ ಬಾಡಿ ಬದಲಿಸಬೇಕು ಅಂದುಬಿಟ್ಟರು. ಇನ್ನೊಬ್ಬ ಮೆಕ್ಯಾನಿಕ್ ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದರು. ಬಂದ ಕೋಡ್ ಪಿ2135, ಅಂದರೆ ಅದೇ ಸೆನ್ಸರ್‌ಗಳ ತಾಳೆ ತಪ್ಪಿದ್ದು. ಬಾನೆಟ್ ಎತ್ತಿ ಥ್ರಾಟಲ್‌ನ ಕನೆಕ್ಟರ್ ಕಿತ್ತು ತೋರಿಸಿದರು. ಒಂದು ಪಿನ್ನಿನ ಬುಡದಲ್ಲಿ ಹಸಿರು ಕಿಲುಬು, ಸಾಸಿವೆ ಕಾಳಿನಷ್ಟು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಟಕ್ ಅನ್ನುವವರೆಗೆ ಒತ್ತಿ ಕೂರಿಸಿದರು. ಇಂಜಿನ್ ಓಡುತ್ತಿರುವಾಗ ವೈರ್ ಅಲುಗಾಡಿಸಿಯೂ ನೋಡಿದರು. ದೀಪ ಬರಲಿಲ್ಲ. ಹಿಂದಿನ ವಾರ ಇಂಜಿನ್‌ಗೆ ಪ್ರೆಶರ್ ವಾಶ್ ಮಾಡಿಸಿದ್ದೆ, ಆ ನೀರು ಕನೆಕ್ಟರ್ ಒಳಗೆ ಹೋಗಿರಬೇಕು. ಪ್ರವಾಸಕ್ಕೆ ಮುಂಚೆ ನೀವು ಆ ಕೆಲಸ ದಯವಿಟ್ಟು ಮಾಡಬೇಡಿ.

ಎಲ್ಲರಿಗೂ ಕಿಲುಬೇ ಕಾರಣ ಇರಬೇಕಿಲ್ಲ. ಥ್ರಾಟಲ್‌ನಲ್ಲಿ ಮಸಿ ಕಟ್ಟಿದರೂ, ಬ್ಯಾಟರಿ ಸೋತರೂ ಇದೇ ದೀಪ ಬರಬಹುದು. ಇಂಜಿನ್ ಆಫ್ ಇದ್ದಾಗ ಸುಮಾರು 12.6 ವೋಲ್ಟ್, ಓಡುವಾಗ 14ರ ಆಸುಪಾಸು ಇದ್ದರೆ ಬ್ಯಾಟರಿ ಬಗ್ಗೆ ಜಾಸ್ತಿ ಚಿಂತೆ ಬೇಡ. ಇಗ್ನಿಷನ್ ಆನ್ ಇರುವಾಗ ಥ್ರಾಟಲ್ ಒಳಗೆ ಬೆರಳು ಹಾಕಲೇಬೇಡಿ. ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಚುಚ್ಚುವ ಸಣ್ಣ ಓಬಿಡಿ ಸ್ಕ್ಯಾನರ್ ಒಂದನ್ನು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಿ. ಕೋಡ್ ನೋಡದೆ ಯಾವ ಪಾರ್ಟನ್ನೂ ಬದಲಿಸಲು ಒಪ್ಪಬೇಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತುಬಿಟ್ಟರೆ ಸಹಾಯಕ್ಕೆ 1033 ಇದೆ, ಆದರೆ ನೆಟ್‌ವರ್ಕ್ ಇರುವ ಕಡೆಯಿಂದಲೇ ಕರೆ ಮಾಡಬೇಕಲ್ವಾ?

ರಾತ್ರಿ ಉಪ್ಪಿನಂಗಡಿಯಲ್ಲೇ ಉಳಿದು, ಬೆಳಕು ಹರಿದ ಮೇಲೆ ಘಾಟಿ ಹತ್ತಿದೆವು. ಮಾರನಹಳ್ಳಿ ಬರುವವರೆಗೂ ಅಮ್ಮ ಕಾಡನ್ನು ನೋಡಲಿಲ್ಲ, ಮೀಟರನ್ನೇ ನೋಡುತ್ತಿದ್ದರು.