ಎಲಿಜಬೆತ್ ಕಾಟನ್ ಗಿಟಾರ್ ಪಟ್ಟು: ಕೆಲಸ ಎಲ್ಲಿಗೆ ಬಂತು

ಹಿಡಿದಿರುವ ಕೆಲಸ ಇಷ್ಟು: ಅಮೆರಿಕದ ಜನಪದ ಗಾಯಕಿ ಎಲಿಜಬೆತ್ ಕಾಟನ್ (1893–1987) ಅವರ ‘ಫ್ರೇಟ್ ಟ್ರೈನ್’ ಹಾಡನ್ನು ಅವರದೇ ಬೆರಳಿನ ಕ್ರಮದಲ್ಲಿ ನುಡಿಸುವುದು. ಧಾಟಿ ಕಷ್ಟದ್ದಲ್ಲ. ಸಿ, ಜಿ, ಇ, ಎಫ್ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಗೊತ್ತಿದ್ದರೆ 16 ಬಾರ್‌ಗಳಲ್ಲಿ (ತಾಳದ ಖಂಡಗಳಲ್ಲಿ) ಒಂದು ಸುತ್ತು ಮುಗಿಯುತ್ತದೆ. ಆದರೆ ‘ಕಾಟನ್ ಪಿಕಿಂಗ್’ ಎಂದು ಸಾಮಾನ್ಯವಾಗಿ ಕಲಿಸುವುದು ಹೆಬ್ಬೆರಳಲ್ಲಿ ಬೇಸ್ (ದಪ್ಪ ತಂತಿಗಳ ತಗ್ಗಿನ ಸ್ವರ), ಉಳಿದ ಬೆರಳುಗಳಲ್ಲಿ ಧಾಟಿ. ಕಾಟನ್ ಮಾಡುತ್ತಿದ್ದುದು ಇದಕ್ಕೆ ಪೂರ್ತಿ ಉಲ್ಟಾ.

ಅವರು ಎಡಚರು. ನಾರ್ತ್ ಕ್ಯಾರೊಲೈನಾದ ಕಾರ್‌ಬರೊದಲ್ಲಿ ಮೊದಲು ಅಣ್ಣನ ಬ್ಯಾಂಜೊ, ಆಮೇಲೆ ಮನೆಗೆಲಸದ ಸಂಬಳ ಕೂಡಿಟ್ಟು 3.75 ಡಾಲರಿಗೆ ಕೊಂಡ ಗಿಟಾರ್. ಎರಡನ್ನೂ ತಂತಿ ಬದಲಿಸದೆ ತಿರುಗಿಸಿ ಹಿಡಿದರು. ಹಾಗಾಗಿ ಸಣ್ಣ ತಂತಿಗಳು ಮೇಲೆ, ದಪ್ಪವು ಕೆಳಗೆ. ಹೆಬ್ಬೆರಳಿನ ತೂಕವೆಲ್ಲ ಧಾಟಿಗೆ ಬೀಳುತ್ತದೆ. ಬೇಸನ್ನು ತೋರುಬೆರಳು ಹಗುರಾಗಿ ಮೀಟುತ್ತದೆ. ಫೋಕ್‌ವೇಸ್ ಕಂಪನಿಯ 1958ರ ರೆಕಾರ್ಡ್ ಕೇಳಿದರೆ ಧಾಟಿ ಅಷ್ಟು ದುಂಡಗೆ ಬರುವುದಕ್ಕೆ ಕಾರಣ ಇದೇ ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

ಗಿಟಾರ್ ಸಿದ್ಧತೆ ಮುಗಿದಿದೆ. ಎಡಚರಿಗೆ ಏನೂ ಮಾಡಬೇಕಿಲ್ಲ, ಮಾಮೂಲಿ ಗಿಟಾರನ್ನು ತಿರುಗಿಸಿದರೆ ಸಾಕು. ತಂತಿಗಳು ತಮ್ಮ ತಮ್ಮ ಗಾಡಿಯಲ್ಲೇ (ತಂತಿ ಕೂರುವ ಕೊರೆದ ಗೀರಿನಲ್ಲೇ) ಇರುವುದರಿಂದ ಶ್ರುತಿ ಕೆಡುವುದಿಲ್ಲ. ಕುತ್ತಿಗೆಯ ಬದಿಯ ಚುಕ್ಕಿಗಳು ಮಾತ್ರ ನೆಲದ ಕಡೆಗೆ ಹೋಗುತ್ತವೆ. ಕಟ್‌ಅವೇ (ಕುತ್ತಿಗೆಯ ಪಕ್ಕ ಮೈ ಕತ್ತರಿಸಿದ ಭಾಗ) ಇರುವ ಗಿಟಾರ್ ಬೇಡ, ಅದು ಕೆಳಗಿರುವ ಬದಲು ಮೇಲಕ್ಕೆ ಬರುತ್ತದೆ.

ಬಲಗೈಯವರಿಗೆ ಅದೇ ಕ್ರಮ ಬೇಕೆಂದರೆ ಗಿಟಾರ್ ಇದ್ದ ಹಾಗೇ ಹಿಡಿದು ತಂತಿಗಳನ್ನು ಹಿಂದುಮುಂದು ಕಟ್ಟಬೇಕು. ತೊಂದರೆ ಇರುವುದು ಇಲ್ಲೇ. ಲೈಟ್ ಸೆಟ್‌ನ (ಹಗುರ ತಂತಿಗಳ ಕಟ್ಟಿನ) 0.053 ಇಂಚಿನ ದಪ್ಪ ತಂತಿ ನಟ್‌ನಲ್ಲಿ (ಕುತ್ತಿಗೆಯ ತುದಿಯಲ್ಲಿ ತಂತಿಗಳನ್ನು ಹಿಡಿಯುವ ಪಟ್ಟಿಯಲ್ಲಿ) ಸಣ್ಣ ತಂತಿಯ ಗಾಡಿಗೆ ಇಳಿಯುವುದಿಲ್ಲ, 0.012ರ ಸಣ್ಣದು ದೊಡ್ಡ ಗಾಡಿಯಲ್ಲಿ ಗಿರಗಿರ ಎನ್ನುತ್ತದೆ. ದೊಡ್ಡ ಗಾಡಿಗೆ ಅಡುಗೆ ಸೋಡಾ ತುಂಬಿ ಒಂದು ಹನಿ ಸೂಪರ್ ಗ್ಲೂ ಬಿಟ್ಟರೆ ಕಲ್ಲಾಗುತ್ತದೆ, ಆಮೇಲೆ ಸಣ್ಣ ಅರದಿಂದ ಹೊಸ ಗಾಡಿ ಕೊರೆಯಬಹುದು. ಎಡಗೈ ನಟ್ ಸಿಕ್ಕರೆ ಅದನ್ನೇ ಹಾಕುವುದು ಲೇಸು.

ಸ್ಯಾಡಲ್ (ಗಿಟಾರ್ ಮೈಯ ಬದಿ ತಂತಿಗಳು ಹಾಯುವ ಪಟ್ಟಿ) ಓರೆಯಾಗಿರುವುದರಿಂದ ದಪ್ಪ ತಂತಿಯ ಉದ್ದ ಈಗ ಕಡಿಮೆ ಬೀಳುತ್ತದೆ. 12ನೇ ಫ್ರೆಟ್ (ಕುತ್ತಿಗೆಯ ಅಡ್ಡಗೆರೆ) ಒತ್ತಿದ ಸ್ವರವನ್ನು ಅಲ್ಲಿನ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬರಿದೆ ತಾಗಿಸಿ ಮೀಟಿದಾಗ ಬರುವ ಸ್ವರ) ಜೊತೆ ಹೋಲಿಸಿದರೆ ಏರಿರುವುದು ಟ್ಯೂನರ್‌ನಲ್ಲೇ ಕಾಣುತ್ತದೆ. ಈ ಹಾಡಿನ ಕೆಲಸವೆಲ್ಲ ಮೊದಲ ಮೂರು ಫ್ರೆಟ್‌ಗಳ ಸುತ್ತಲೇ ಆದ್ದರಿಂದ ಸ್ಯಾಡಲ್ ಮುಟ್ಟಿಲ್ಲ.

ಕಾರ್ಡ್‌ಗಳಲ್ಲಿ ಸಿ ಸಲೀಸು: ಬೆರಳುಗಳು ಅವೇ, ಓರೆ ಮಾತ್ರ ಬದಲು. ಎಫ್ ಸತಾಯಿಸುತ್ತದೆ. ಹೆಬ್ಬೆರಳನ್ನು ಕುತ್ತಿಗೆಯ ಮೇಲಿಂದ ತಂದು 6ನೇ, ಅಂದರೆ ಅತಿ ದಪ್ಪದ, ತಂತಿ ಒತ್ತುವ ಹಳೇ ಉಪಾಯ ನಡೆಯದು, ಆ ತಂತಿ ಈಗ ನೆಲದ ಬದಿಗಿದೆ. ಪೂರ್ತಿ ಬಾರೆ (ಒಂದೇ ಬೆರಳಿಂದ ಎಲ್ಲ ತಂತಿ ಒತ್ತುವುದು) ಹಿಡಿಯಿರಿ, ಇಲ್ಲವೇ ಬೇಸನ್ನು 4, 3ನೇ ತಂತಿಗಳಿಗೆ ಸರಿಸಿ.

ಅಭ್ಯಾಸ ಹೀಗೆ ಸಾಗಿದೆ. ಮೆಟ್ರೊನೋಮ್ (ತಾಳ ಹಿಡಿಯುವ ಯಂತ್ರ) ನಿಮಿಷಕ್ಕೆ 60 ಪೆಟ್ಟಿಗೆ ಇಟ್ಟು ತೋರುಬೆರಳಿಂದ ಬೇಸ್ ಮಾತ್ರ: ಸಿಗೆ 5, 4ನೇ ತಂತಿ, ಜಿ ಮತ್ತು ಇಗೆ 6, 4ನೇ ತಂತಿ. ಪಕ್ಕದವರೊಡನೆ ಮಾತಾಡುತ್ತಲೂ ಅದು ನಿಲ್ಲದಿದ್ದರೆ ಹೆಬ್ಬೆರಳು ಸೇರಿಸಿ, ಮೊದಲು ತಾಳದ ಪೆಟ್ಟಿನ ಮೇಲಿನ ಸ್ವರಗಳನ್ನಷ್ಟೇ. ಪೆಟ್ಟುಗಳ ನಡುವೆ ಬರುವ ಸ್ವರ ಸೇರಿಸಿದ ತಕ್ಷಣ ತೋರುಬೆರಳು ಧಾಟಿಯ ಹಿಂದೆ ಓಡಿ ಬೇಸ್ ತಪ್ಪುತ್ತದೆ. ವೇಗ ಇಳಿಸಿದರೆ ಸಾಲದು. ಎಡವುವ ಒಂದೇ ಬಾರ್ ಎತ್ತಿಕೊಂಡು ಸುತ್ತಬೇಕು. ಸಾಮಾನ್ಯವಾಗಿ ಅದು ಇ ಇಂದ ಎಫ್‌ಗೆ ಹೋಗುವ ಜಾಗ. ಬೇಸ್ ಗುಂಯ್‌ಗುಡುತ್ತಿದ್ದರೆ ಮಣಿಕಟ್ಟಿನ ಅಂಚನ್ನು ಬ್ರಿಡ್ಜ್ ಬಳಿ ದಪ್ಪ ತಂತಿಗಳಿಗೆ ತಾಗಿಸಿ ನೋಡಿ.

ಹಾಡು ಹಂಚುವಾಗ ಹೆಸರು ಸರಿಯಾಗಿ ಬರೆಯುವುದೂ ಈ ಕೆಲಸದ ಭಾಗ. ಹುಡುಗಿಯಾಗಿದ್ದಾಗ ಕಾಟನ್ ಕಟ್ಟಿದ ಈ ಹಾಡು 1957ರಲ್ಲಿ ಬ್ರಿಟನ್ನಿನ ಸ್ಕಿಫಲ್ (ಸರಳ ವಾದ್ಯಗಳ ಜನಪದ ಶೈಲಿಯ) ತಂಡದಿಂದ ಜನಪ್ರಿಯವಾದಾಗ ಕರ್ತೃಗಳೆಂದು ಅಚ್ಚಾಗಿದ್ದುದು ಬೇರೆಯವರ ಹೆಸರು. ಹಳೆಯ ಪುಟಗಳಿಂದ ನಕಲು ಮಾಡಿದರೆ ಅದೇ ತಪ್ಪು ಮುಂದುವರಿಯುತ್ತದೆ.

ಮುಂದಿನದು 1967ರ ‘ಶೇಕ್ ಶುಗರಿ’. ಅದರಲ್ಲಿ ಹಾಡಿರುವುದು ಕಾಟನ್ ಅವರ ಮರಿಮೊಮ್ಮಗಳು, ಗಿಟಾರ್ ಅಜ್ಜಿಯದು. ದನಿ ಬೇರೆಯವರದ್ದಾದ್ದರಿಂದ ಇಲ್ಲಿ ಹೆಬ್ಬೆರಳು ಎಷ್ಟು ತಗ್ಗಬೇಕು ಎಂಬುದನ್ನು ರೆಕಾರ್ಡ್ ನಿಧಾನಿಸಿ ಕೇಳುತ್ತಿದ್ದೇವೆ.